ಬಸ್ಸಿನಲ್ಲೇ ಹೋಗಿ ಅಂದರು

ಮಾರ್ಚ್ 4, ಸೋಮವಾರ

ಪಾರ್ಕಿನಲ್ಲಿ ಆರು ಸುತ್ತು. ಮೊಣಕಾಲು ಇವತ್ತು ತಕರಾರು ತೆಗೆಯಲಿಲ್ಲ. ವಾಪಸ್ ಬಂದಾಗ ಮುಂದಿನ ಕೋಣೆಯಲ್ಲಿ ಮಗಳು, ಅಳಿಯ, ಇವಳು — ನನ್ನ ಹೆಂಡತಿ. ಮೂವರೂ ಗುಸುಗುಸು. ಚಪ್ಪಲಿ ಸದ್ದಿಗೆ ಮಾತು ನಿಂತಿತು. ಅಳಿಯ ಬಿಸಿಲಿನ ಬಗ್ಗೆ ಶುರು ಮಾಡಿದ. ಕನ್ನಡಕದ ಅಂಗಡಿಯವನು — ಗಿರಾಕಿಗಳಿಗೆ ‘ಇದು ಕಾಣುತ್ತಾ, ಅದು ಕಾಣುತ್ತಾ’ ಅಂತ ಕೇಳುವುದು ಬಿಟ್ಟರೆ ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಅವನಿಗೆ ಬಿಸಿಲಿನ ಚಿಂತೆ ಯಾವಾಗಿಂದ?

ಮೂವತ್ತನಾಲ್ಕು ವರ್ಷ ರೈಲಿನಲ್ಲಿ ಟಿಕೆಟ್ ನೋಡಿದವನು ನಾನು. ಟಿಕೆಟ್ ಇಲ್ಲದವರೇ ಕಿಟಕಿಯಾಚೆಯ ಬಿಸಿಲನ್ನು ಅಷ್ಟು ಆಸಕ್ತಿಯಿಂದ ನೋಡುವುದು.

ಆಮೇಲೆ ಮಗಳು ಲಕೋಟೆ ಕೊಟ್ಟಳು. ನಮ್ಮ ಮದುವೆಯಾಗಿ ಐವತ್ತು ವರ್ಷ ಅಂತ ಹನ್ನೆರಡು ದಿನದ ಟೂರ್. ಸರೋವರ, ಬೆಟ್ಟ, ಸಮುದ್ರ. ಬಸ್ಸಿನಲ್ಲಿ.

“ನನಗೆ ರೈಲ್ವೆ ಪಾಸಿದೆಯಲ್ಲಮ್ಮ. ಬಸ್ಸು ಯಾಕೆ?”

“ಎಲ್ಲಾ ಬುಕ್ ಆಗಿದೆ ಅಪ್ಪ. ಬಸ್ಸಲ್ಲೇ ಹೋಗಿ.”

ಇವಳನ್ನು ನೋಡಿದೆ. ಬಸ್ಸು ಅಂದರೆ ಹೊಟ್ಟೆ ತೊಳಸುತ್ತದೆ ಎನ್ನುವವಳು. ಕೈಯಲ್ಲಿದ್ದ ಟವೆಲ್ಲನ್ನು ಮಡಿಸಿದ್ದೇ ಮಡಿಸಿದಳು. ಏನೋ ಇದೆ.

ಮಾರ್ಚ್ 5, ಸಂಜೆ

ಮೊಮ್ಮಗಳ ಫೋನ್. ಕಂಪ್ಯೂಟರ್ ಕೋರ್ಸಂತೆ, ಬೇರೆ ಊರು, ಹಾಸ್ಟೆಲ್. ಮಾತಾಡುತ್ತಿದ್ದಾಗ ಹಿಂದೆ ಎಂಜಿನ್ ಕೂಗಿತು.

“ಏನೇ ಅದು?”

“ಹಾಸ್ಟೆಲ್ ಪಕ್ಕ ಹಳಿ ಇದೆ ತಾತ.”

ಪಕ್ಕದ ಹಳಿಯ ಕೂಗು ಬಂದು ಹೋಗುತ್ತದೆ. ಇದು ಹೋಗಲಿಲ್ಲ, ಅಲ್ಲೇ ಗುಂಯ್ ಅಂತ ಸುತ್ತಿತು. ತಗಡಿನ ಛಾವಣಿ ಇದ್ದರೆ ಹಾಗೆ. ಎಂಜಿನ್ ರಿಪೇರಿ ಮಾಡುವ ಲೋಕೋ ಶೆಡ್ಡು! ಈ ಹುಡುಗಿಗೆ ಅಲ್ಲೇನು ಕೆಲಸ?

ಮಾರ್ಚ್ 9, ಶನಿವಾರ

ಹುಡುಗಿ ಬಂದಿದ್ದಳು, ಒಂದೇ ದಿನಕ್ಕೆ. ಕೂದಲು ಕುತ್ತಿಗೆವರೆಗೆ ಕತ್ತರಿಸಿದ್ದಾಳೆ. ಉಗುರಿನ ಸಂದಿಯಲ್ಲಿ ಕಪ್ಪು.

“ಏನಿದು ಕೈಯಲ್ಲಿ?”

“ಸ್ಕೂಟರ್ ಚೈನ್ ಬಿದ್ದಿತ್ತು ತಾತ, ಹಾಕಿದೆ.”

“ಸ್ಕೂಟರಿಗೆ ಎಲ್ಲಿಯ ಚೈನೇ?”

“ಅಯ್ಯೋ... ಫ್ರೆಂಡ್ ಸೈಕಲ್‌ದು.”

ಒಂದು ಪ್ರಶ್ನೆಗೆ ಎರಡು ವಾಹನ. ಮಗಳು ಅಡುಗೆಮನೆಯಿಂದಲೇ ಅವಳನ್ನು ಕೂಗಿ ಕರೆದುಕೊಂಡಳು. ಬಾಗಿಲಿಗೆ ಚಿಲಕ ಹಾಕಿಕೊಳ್ಳಲಿಲ್ಲ, ಅಷ್ಟೇ.

ನನಗೆ ಅರ್ಥವಾಯಿತು. ಯಾರೋ ಶೆಡ್ಡಿನವನು. ಫಿಟ್ಟರೋ ಖಲಾಸಿಯೋ. ನಮ್ಮನ್ನು ಬಸ್ಸು ಹತ್ತಿಸಿ ಹನ್ನೆರಡು ದಿನದಲ್ಲಿ ಮದುವೆ ಮುಗಿಸಿಬಿಡುವ ಪ್ಲಾನು. ಮಾಡಿಕೊಳ್ಳಲಿ, ನಾನೇನು ಅಡ್ಡ ಮಲಗುತ್ತೇನೆಯೇ? ಆದರೆ ನನ್ನಿಂದ ಮುಚ್ಚಿಡುವುದು... ಹಾಗಾದರೆ ನಾನು ಈ ಮನೆಯಲ್ಲಿ ಯಾರು?

ಮಾರ್ಚ್ 12, ಮಂಗಳವಾರ

ಟೂರಿನ ಎರಡನೇ ದಿನ. ನಲವತ್ತು ಜನ, ಎಲ್ಲರೂ ರಿಟೈರ್ಡ್. ಗೈಡ್ ಸೀಟಿ ಊದಿ ಎಣಿಸುತ್ತಾನೆ, ಪ್ರತಿ ಸಲವೂ ಒಂದು ತಪ್ಪಾಗುತ್ತದೆ. ಇವಳಿಗೆ ಎರಡು ಸಲ ವಾಂತಿ. ಆದರೂ ಫೋನ್ ಬಂದ ತಕ್ಷಣ ಎದ್ದು ಕಾರಿಡಾರ್‌ಗೆ ಓಡುತ್ತಾಳೆ. “ಶುಕ್ರವಾರ ಎಷ್ಟು ಗಂಟೆಗೆ?” ಅಂದದ್ದು ಕೇಳಿಸಿತು. ಯಾವ ಶುಕ್ರವಾರ? 15ರದ್ದೋ 22ರದ್ದೋ? ಒಳಗೆ ಬಂದ ಮೇಲೆ ಯಾರದು ಅಂದೆ. “ರಾಂಗ್ ನಂಬರ್.” ಐವತ್ತು ವರ್ಷದಲ್ಲಿ ಇವಳಿಗೆ ಸುಳ್ಳು ಹೇಳುವುದು ಕಲಿಸಲಾಗಲಿಲ್ಲ.

ಮಾರ್ಚ್ 14, ಗುರುವಾರ

ಸರೋವರದ ಊರು. ಎಲ್ಲರೂ ದೋಣಿ ಹತ್ತಿದರು. ಸೊಂಟ ನೋವು ಅಂತ ಹೇಳಿ ನಾನು ತಪ್ಪಿಸಿಕೊಂಡೆ. ಕಾಲು ತಾನಾಗಿ ಸ್ಟೇಷನ್ ಕಡೆ. ಎರಡೇ ಪ್ಲಾಟ್‌ಫಾರಂ, ಒಂದು ಬೆಂಚು, ನೀರಿನ ನಲ್ಲಿ. ಜೀವ ತಣ್ಣಗಾಯಿತು.

ಸ್ಟೇಷನ್ ಮಾಸ್ಟರ್ ಹಿಂದಿನಿಂದ ಬಂದು ಕೈ ಹಿಡಿದ. ಒಂದು ಕಾಲದಲ್ಲಿ ನಮ್ಮ ಲೈನಿನಲ್ಲಿ ಗಾರ್ಡ್ ಆಗಿದ್ದವನು, ಹಳಿ ಪಕ್ಕದ ಸಿಗ್ನಲ್ ಕಂಬದಷ್ಟು ಉದ್ದ, ‘ಕೈಮರ’ ಅಂತಲೇ ಕರೆಯುತ್ತಿದ್ದೆವು. ಚಹಾ ತರಿಸಿದ.

“ಏನ್ ಸಾರ್, ಇಲ್ಲಿದೀರಾ! ಮೊಮ್ಮಗಳಿಗೆ ಕಂಗ್ರಾಟ್ಸ್ ಹೇಳಿ.”

ಮದುವೆ ಇವನಿಗೂ ಗೊತ್ತು ಅಂದುಕೊಂಡೆ. “ಹುಡುಗ ಯಾರು?” ಅಂದೆ.

“ಯಾವ ಹುಡುಗ?” ಅವನು ಕಕ್ಕಾಬಿಕ್ಕಿ. “ಟ್ರೇನಿಂಗ್ ಮುಗೀತಲ್ಲ ಸಾರ್. ಅಸಿಸ್ಟೆಂಟ್ ಡ್ರೈವರ್. ಮುಂದಿನ ವಾರ ಶುಕ್ರವಾರ ಆರು ಇಪ್ಪತ್ತೈದರ ಪ್ಯಾಸೆಂಜರಲ್ಲಿ ಮೊದಲ್ನೇ ಡ್ಯೂಟಿ. ಆ ಬ್ಯಾಚಲ್ಲಿ ಅವಳೇ ಫಸ್ಟು. ನಿಮಗೆ... ಗೊತ್ತಿಲ್ವಾ?”

“ಗೊತ್ತು, ಗೊತ್ತು,” ಅಂದೆ. ಚಹಾ ಬಾಯಿ ಸುಟ್ಟಿತು.

ಅದಕ್ಕೇ ಬಸ್ಸು. ರೈಲಿನಲ್ಲಿ ಹೋದರೆ ಪ್ರತಿ ಸ್ಟೇಷನ್ನಿನಲ್ಲೂ ಯಾರಾದರೊಬ್ಬ ಸಿಕ್ಕಿ ಹೇಳಿಬಿಡುತ್ತಾನೆ ಅಂತ. ಇಡೀ ಲೈನಿಗೇ ಗೊತ್ತು. ನನಗೊಬ್ಬನಿಗೆ ಇಲ್ಲ.

ಮಾರ್ಚ್ 15, ಬೆಳಿಗ್ಗೆ

ಹೋಟೆಲಿನ ಬಾಲ್ಕನಿ. ಇವಳು ನನ್ನ ಅಂಗಿಗೆ ಗುಂಡಿ ಹಾಕುತ್ತಿದ್ದಳು. ಕೇಳಿಬಿಟ್ಟೆ. ರೇಗಿಕೊಂಡೇ ಕೇಳಿದೆ. ನನ್ನ ಮೊಮ್ಮಗಳು ನಾನು ಬಾಳಿದ ರೈಲಿಗೇ ಸೇರಿದಳು, ಸಂತೋಷಪಡುವುದಕ್ಕೆ ನಾನು ಯೋಗ್ಯನಲ್ಲವೇ, ನಾನೇನು ಹೊರಗಿನವನೇ...

ಇವಳು ದಾರ ಕಚ್ಚಿ ತುಂಡು ಮಾಡಿದಳು.

“ಹೇಳಿದ್ರೆ ಆ ಆರ್ಡರ್ ಕಾಗದ ಅವಳ ಕೈಗೆ ಸಿಗ್ತಿತ್ತು ಅಂತ ಏನು ಗ್ಯಾರಂಟಿ?”

ಉಳಿದ ದಾರ ಸುತ್ತಿಟ್ಟು ಇವಳೇ ಮುಂದುವರಿಸಿದಳು.

“ಇಪ್ಪತ್ತೇಳು ವರ್ಷದ ಹಿಂದೆ ನಿಮ್ಮ ಕೋಟನ್ನ ಡ್ರೈಕ್ಲೀನಿಗೆ ಹಾಕೋಕೆ ಜೇಬು ನೋಡಿದೆ ರೀ. ರೈಲು ಡ್ರೈವರ್ ಕೆಲಸದ ಇಂಟರ್‌ವ್ಯೂ ಕಾಗದ. ಮಗಳ ಹೆಸರಿಗೆ. ತಾರೀಕು ಮುಗಿದು ಹತ್ತು ದಿನ ಆಗಿತ್ತು.”

“ನೀನು... ಅವಳಿಗೆ ಹೇಳಿದೆಯಾ?”

“ಹೇಳೋದೇನು, ಪಕ್ಕದಲ್ಲೇ ನಿಂತಿದ್ಲು. ಓದಿ ಮಡಿಸಿ ಮತ್ತೆ ಜೇಬಿಗೇ ಇಟ್ಳು. ‘ಅಪ್ಪನಿಗೆ ನಮಗೆ ಗೊತ್ತು ಅಂತ ಗೊತ್ತಾಗೋದು ಬೇಡಮ್ಮ’ ಅಂದ್ಲು.”

ಕೆಳಗೆ ಗೈಡ್ ಸೀಟಿ ಊದಿದ. ಇವಳು ಅಂಗಿ ಕೊಟ್ಟಳು. ತೊಟ್ಟುಕೊಂಡೆ. ಇಬ್ಬರೂ ಬಸ್ಸು ಹತ್ತಿದೆವು. ಈ ಸಲ ಲೆಕ್ಕ ಸರಿಯಾಯಿತಂತೆ.

ಮಾರ್ಚ್ 19, ಮಂಗಳವಾರ

ಮೂರು ದಿನ ಬರೆಯಲಾಗಲಿಲ್ಲ. ಬೆಟ್ಟ ನೋಡಿದೆವು. ಬೆಟ್ಟ ಇತ್ತು.

ಮಾತಾಡಿಲ್ಲ ಅಂತಲ್ಲ. ‘ನೀರು ಬೇಕಾ’, ‘ಶಾಲು ಹೊದ್ದುಕೊ’ — ಎಲ್ಲ ಮಾತೂ ಆಗಿದೆ.

ಹೆಣ್ಣುಮಗಳು, ರೈಲಿನ ಕೆಲಸ, ಗಂಡಸರ ಕೊಳಕು ಮಾತು, ಹೊತ್ತಲ್ಲದ ಹೊತ್ತು. ಅದಕ್ಕೇ ಕಾಗದ ಬಚ್ಚಿಟ್ಟೆ — ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡದ್ದು ಇದೇ. ಈ ಪುಸ್ತಕಗಳಲ್ಲೂ ಹಾಗೇ ಬರೆದುಕೊಂಡಿರಬೇಕು, ಹಳೆಯದನ್ನು ತೆಗೆದು ನೋಡುವ ಧೈರ್ಯ ಇಲ್ಲ.

ನಿಜ ಬೇರೆ. ನಾನೂ ಡ್ರೈವರ್ ಪರೀಕ್ಷೆಗೆ ಕೂತಿದ್ದೆ. ಎರಡು ಸಲ. ಎರಡು ಸಲವೂ ಕಣ್ಣಿನ ಟೆಸ್ಟಿನಲ್ಲಿ ಹೊರಗೆ ಹಾಕಿದರು, ಹಸಿರು–ಕೆಂಪು ಬೇರೆ ಮಾಡಿ ಹೇಳಲಾಗಲಿಲ್ಲ. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ, ಇವಳಿಗೂ. ನನ್ನ ಮಗಳು ಮೊದಲ ಸಲವೇ ಪಾಸಾದಳು. ಪೋಸ್ಟ್‌ಮನ್ ಆ ಕಾಗದವನ್ನು ನನ್ನ ಕೈಗೆ ಕೊಟ್ಟಾಗ ನನಗೆ ಭಯವಾಗಲಿಲ್ಲ. ಹೊಟ್ಟೆ ಉರಿಯಿತು.

ಬರೆದೆ. ಹೊಡೆದು ಹಾಕುವುದಿಲ್ಲ.

ಮಾರ್ಚ್ 20, ಬುಧವಾರ

ಟೂರ್ ಬಿಟ್ಟು ಬಂದೆವು. ನಿನ್ನೆ ಮಧ್ಯಾಹ್ನ ಇವಳಿಗೆ ಹೇಳಿದೆ — ಶುಕ್ರವಾರದ ಹೊತ್ತಿಗೆ ಊರಿನಲ್ಲಿರಬೇಕು ಅಂತ. ಮುಖ ನೋಡಿದಳು. ಆಮೇಲೆ ಬ್ಯಾಗ್ ಕಟ್ಟಿದಳು. ರೈಲಿನಲ್ಲಿ ಬಂದೆವು. ದಾರಿಯಲ್ಲಿ ಒಮ್ಮೆಯೂ ವಾಂತಿ ಮಾಡಲಿಲ್ಲ.

ಬಾಗಿಲು ತೆಗೆದದ್ದು ಮಗಳು. ಅವಳ ಹಿಂದೆ ಗೋಡೆಯ ಮೊಳೆಯಲ್ಲಿ ಇಸ್ತ್ರಿ ಮಾಡಿದ ಯೂನಿಫಾರ್ಮ್ ತೂಗುತ್ತಿತ್ತು. ನಾನು ನೋಡಿದ್ದನ್ನು ಅವಳು ನೋಡಿದಳು. ದಾರಿ ಬಿಡಲಿಲ್ಲ.

“ಯಾಕೆ ಬಂದ್ರಿ ಅಪ್ಪ? ಇನ್ನೂ ಎರಡು ದಿನ ಇತ್ತಲ್ಲ.”

“ನೋಡೋಕೆ.”

“ಈ ಸಲ ಬಚ್ಚಿಡೋಕೆ ಏನೂ ಇಲ್ಲ. ಎಲ್ಲಾ ಸಹಿ ಆಗಿದೆ.”

ಮೆಲ್ಲಗೆ ಹೇಳಿದಳು, ಗಂಡನ ಅಂಗಡಿಯಲ್ಲಿ ಗಿರಾಕಿಗೆ ಹೇಳುವ ಹಾಗೆ. ಅಳಿಯ ಬಂದು ಬ್ಯಾಗ್ ಇಸಿದುಕೊಂಡ. “ಒಳಗೆ ಬನ್ನಿ ಮಾವ, ನಿಂತೇ ಇದೀರಿ.” ಇವತ್ತು ಅವನ ಹತ್ತು ಮಾತಿನಲ್ಲಿ ಐದು ನನಗೆ.

ಹೇಳಬೇಕು ಅಂತಲೇ ಬಂದದ್ದು. ಊಟಕ್ಕೆ ಕೂತಾಗ ಬಾಯಿ ತೆರೆದೆ. ಉಪ್ಪು ಕೇಳಿದೆ.

ಮಾರ್ಚ್ 21

ಯೂನಿಫಾರ್ಮ್ ಮೊಳೆಯಲ್ಲಿಲ್ಲ. ಮಗಳ ಕೋಣೆಯ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದಾರೆ. ನನ್ನ ಮೇಲೆ ಕಣ್ಣಿಟ್ಟಿದ್ದಾರೆ. ಸರಿಯಾಗಿಯೇ ಇದೆ.

ಮಾರ್ಚ್ 22, ಶುಕ್ರವಾರ, 6.50

ಅಕ್ಷರ ಕುಣಿಯುತ್ತಿದೆ. ರೈಲಿನಲ್ಲಿ ಬರೆಯುತ್ತಿದ್ದೇನೆ, ಎಂಜಿನ್ನಿನಿಂದ ಎರಡನೇ ಬೋಗಿ.

ಹುಡುಗಿ ನಿನ್ನೆ ರಾತ್ರಿ ತಡವಾಗಿ ಬಂದು ನಸುಕಿಗೇ ಹೊರಟಿದ್ದಳು, ನನ್ನ ಕಣ್ಣಿಗೆ ಬೀಳಲಿಲ್ಲ. ಐದೂಮುಕ್ಕಾಲಿಗೇ ಪ್ಲಾಟ್‌ಫಾರಂ. ಅಳಿಯ ಫೋಟೋ ತೆಗೆದ, ಇವಳು ಅತ್ತಳು. ಹುಡುಗಿ ಎಂಜಿನ್ ಕಿಟಕಿಯಿಂದ ತಲೆ ಹಾಕಿದವಳು ನನ್ನನ್ನು ಕಂಡು ಹೆದರಿದಳು. ಟಿಕೆಟ್ ಇಲ್ಲದ ಎಷ್ಟೋ ಸಾವಿರ ಮುಖಗಳಲ್ಲಿ ಆ ಹೆದರಿಕೆ ನೋಡಿದ್ದೇನೆ. ನನ್ನ ಮನೆಯ ಮುಖದಲ್ಲಿ ನೋಡಿರಲಿಲ್ಲ. ಹತ್ತಿರ ಹೋಗಿ ನಿಂತೆ.

“ಸಿಗ್ನಲ್ ಏನಿದೆ ನೋಡೇ.”

“ಇನ್ನೂ ಕೆಂಪು ತಾತ.”

“ಸರಿ. ನೀನು ಹೇಳಿದ ಮೇಲೆ ಸರಿ. ನನಗೆ ಆ ಬಣ್ಣ ಕಾಣಲ್ಲ ಕಣೇ. ಅದಕ್ಕೇ ನನ್ನನ್ನ ಆ ಸೀಟಿನಲ್ಲಿ ಕೂರಿಸಲಿಲ್ಲ. ಎರಡು ಸಲ ಫೇಲು.”

ನಕ್ಕಳು, ಹೇಗೋ. ಪಕ್ಕದಲ್ಲಿ ನಿಂತಿದ್ದ ಮಗಳು ನಗಲಿಲ್ಲ. ತಿರುಗಿ ನನ್ನನ್ನೇ ನೋಡಿದಳು. ಗಾರ್ಡ್ ಬಾವುಟ ಬೀಸುವ ಹೊತ್ತಿಗೆ ನನ್ನ ತೋಳು ಹಿಡಿದು ಬೋಗಿ ಹತ್ತಿಸಿದಳು. ತಾನೂ ಹತ್ತಿದಳು. ಇವಳು, ಅಳಿಯ ಪ್ಲಾಟ್‌ಫಾರಂನಲ್ಲೇ ಉಳಿದರು.

ಎದುರಿಗೆ ಕೂತಿದ್ದಾಳೆ. ಎರಡು ಸ್ಟೇಷನ್ ಹೋಯಿತು. ನನಗೆ ಬರೆಯುವುದು ಸುಲಭ... ಇಂಟರ್‌ವ್ಯೂ ಕಾಗದ ಬಂದ ದಿನ ಪೋಸ್ಟ್‌ಮನ್ ಗೇಟಿನ ಹತ್ತಿರ ಸೈಕಲ್ ನಿಲ್ಲಿಸಿ ನನ್ನನ್ನು ಕರೆದ. ಮಗಳು ಮನೆಯಲ್ಲಿರಲಿಲ್ಲ. ನಾನು ಲಕೋಟೆ ಒಡೆದು —

“ಏನ್ ಬರೀತಿದ್ದೀರಿ?”

“ನಿನಗೆ ಹೇಳಬೇಕಾದದ್ದು.”

“ಬರೀಬೇಡಿ ಅಪ್ಪ. ಹೇಳಿ.”