ಹೊಂಗೆ ಎಣ್ಣೆ ಕುಡಿಯುವ ಗಾಡಿ

ಮೇ 16, 1999, ಭಾನುವಾರ

ಸಮಸ್ತ ಲೋಕಕ್ಕೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಇಂದು ಬೆಳಿಗ್ಗೆ ಒಂಬತ್ತು ಗಂಟೆಗೆ, ನಮ್ಮ ಹಿತ್ತಿಲಿನಲ್ಲಿ, ಧರ್ಮಪತ್ನಿ ಪುಟ್ಟಲಕ್ಷ್ಮಮ್ಮನವರ ತೀವ್ರ ವಿರೋಧದ ನಡುವೆ, ನನ್ನ ಮದುವೆಯ ಪಂಚೆಯನ್ನು ಎಣ್ಣೆ ಸೋಸುವ ಹುದ್ದೆಗೆ ನೇಮಿಸಲಾಯಿತು. ಸಂಬಳವಿಲ್ಲ. ಪಿಂಚಣಿಯಿಲ್ಲ. ಇದಕ್ಕೂ ಮೊದಲು ಆ ಜಾಗದಲ್ಲಿದ್ದ ಗೋಣಿತಾಟು ಕರ್ತವ್ಯಲೋಪದ ಮೇಲೆ ಅಮಾನತಾಗಿದೆ — ಹಿಂಡಿಯ ಚೂರನ್ನೆಲ್ಲ ಕೆಳಕ್ಕೆ ಬಿಡುತ್ತಿತ್ತು.

ಒಂದು ಡಬ್ಬ ಹೊಂಗೆ ಎಣ್ಣೆ ಸೋಸಿ ಪಂಪ್‌ಸೆಟ್ಟಿನ ಇಂಜಿನ್ನಿಗೆ ಸುರಿದೆ. ಓಡಿತು. ಗೋಣಿತಾಟಿನ ಕಾಲದಿಂದಲೂ, ಒಂದು ತಿಂಗಳಾಯಿತು, ಹೊಂಗೆಯಲ್ಲೇ ಓಡುತ್ತಿದೆ. ಪೇಪರಿನವರು ಇದಕ್ಕೆ ಬಯೋಡೀಸೆಲ್ ಅಂತ ಹೆಸರಿಟ್ಟಿದ್ದಾರೆ. ನಮ್ಮ ಬೆಳಗೊಳದ ಕಡೆಯವರಿಗೆ ಇದು ಎತ್ತಿನ ಮೈಗೆ ಹಚ್ಚುವ ಎಣ್ಣೆ, ಅಷ್ಟೆ.

ಯಾಸಿನ್ ಗಂಜಾಂನಿಂದ ಬಂದಿದ್ದ. ಹೈಸ್ಕೂಲಿನಿಂದ ಜೊತೆಯವನು. ಡೀಸೆಲ್ ಮೆಕ್ಯಾನಿಕ್. ಇಂಜಿನ್ನಿನ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ, ಜ್ವರ ನೋಡುವವನ ಹಾಗೆ ನಿಂತ. ಆಮೇಲೆ ತೀರ್ಪು: "ಗಾಡೀಲೂ ಓಡ್ತದೆ ಕಣ್ಲಾ ಮರಿ. ಎಂಥಾ ಗಾಡಿ ಆರಿಸ್ತೀವಿ ಅನ್ನೋದ್ರಲ್ಲಿ ಅದೆ ಎಲ್ಲಾ."

ಹಾಲಿನ ರೂಟಿಗೆ ಇಬ್ಬರೂ ಸೇರಿ ಅರ್ಜಿ ಹಾಕಿದ್ದೇವೆ. ಸುತ್ತಲಿನ ಊರುಗಳ ಡೈರಿಯಿಂದ ಕ್ಯಾನು ತುಂಬಿಕೊಂಡು ಚಿಲ್ಲಿಂಗ್ ಸೆಂಟರಿಗೆ ಮುಟ್ಟಿಸುವುದು, ಬೆಳಿಗ್ಗೆ, ಸಂಜೆ. ಡೀಸೆಲ್ಲಿನಲ್ಲಿ ಓಡಿಸಿದರೆ ಏನೂ ಗಿಟ್ಟುವುದಿಲ್ಲ. ಹಿಂದಿನವನು ಅದಕ್ಕೇ ಕೈಬಿಟ್ಟ. ಹೊಂಗೆಯಲ್ಲಿ ಓಡಿಸಿದರೆ ಗಿಟ್ಟುತ್ತದೆ. ಯಾಸಿನ್‌ಗೆ ತನ್ನದೂ ಅಂತ ಒಂದು ಗಾಡಿಯಾಗುತ್ತದೆ. ಹುಡುಗನಾಗಿದ್ದಾಗಿನಿಂದ ಬೇರೆಯವರ ಗಾಡಿಯ ಕೆಳಗೇ ಮಲಗಿದ್ದಾನೆ.

ಮೇ 23, ಭಾನುವಾರ

ಕೆ.ಆರ್. ಪೇಟೆ. ಎಳನೀರು ಸಾಗಿಸುತ್ತಿದ್ದ ಪಿಕಪ್ಪು. ಹೊಸದರಂತಿದೆ. ಹಿಂದೆ ಪೂರ್ತಿ ತಗಡಿನ ಬಾಡಿ. ಸೀಟಿಗೆ ಹುಲಿಪಟ್ಟೆಯ ವೆಲ್ವೆಟ್ಟು, ಕನ್ನಡಿಗೆ ಪ್ಲಾಸ್ಟಿಕ್ ದ್ರಾಕ್ಷಿ. ನನ್ನ ತಾಂತ್ರಿಕ ಪರಿಶೀಲನೆ ಅಲ್ಲಿಗೆ ಮುಗಿಯಿತು — ಇದೇ ಇರಲಿ ಅಂದೆ.

ಯಾಸಿನ್ ಬಾನೆಟ್ ಎತ್ತಿ ನೋಡಿ ಇಳಿಸಿಬಿಟ್ಟ. ಎಣ್ಣೆಯನ್ನು ಸೀದಾ ಸಿಲಿಂಡರಿಗೇ ಚುಚ್ಚುವ ಇಂಜಿನ್ನಂತೆ. ಹೊಂಗೆ ಮಂದ, ಇದರಲ್ಲಿ ಪೂರ್ತಿ ಉರಿಯುವುದಿಲ್ಲ, ಒಳಗೆ ಮಸಿ ಕಟ್ಟುತ್ತದಂತೆ. ಗಾಡಿಯವನು ನೊಂದುಕೊಂಡ. ಎಳನೀರು ಕೊಟ್ಟ. ಕುಡಿದು ಬಂದೆವು.

ಮೇ 30, ಭಾನುವಾರ

ನಾಗಮಂಗಲ. ಹಳೇ ಮೆಟಡೋರ್ ಪಿಕಪ್ಪು. ಇಟ್ಟಿಗೆ ಹೊತ್ತು ಹೊತ್ತು ಬಣ್ಣವೂ ಇಟ್ಟಿಗೆಯದೇ. ಎಡಗಡೆ ಬಾಗಿಲಿಗೆ ಚಿಲಕವಿಲ್ಲ, ಹಗ್ಗ. ಹಿಂದೆ ಮರದ ಹಲಗೆ. ಸಂದಿನಲ್ಲಿ ರಸ್ತೆ ಕಾಣುತ್ತದೆ. ನನಗೆ ಅಳು ಬಂತು.

ಯಾಸಿನ್ ಕೆಳಗೆ ನುಗ್ಗಿದವನು ಬಹಳ ಹೊತ್ತು ಬರಲಿಲ್ಲ. ಬಂದಾಗ ಮುಖದ ತುಂಬ ಮಸಿ, ನಗು. ಈ ಇಂಜಿನ್ನಿನಲ್ಲಿ ಸಿಲಿಂಡರಿಗೆ ಮೊದಲು ಒಂದು ಪುಟ್ಟ ಕೋಣೆಯಿದೆಯಂತೆ. ಎಣ್ಣೆ ಅಲ್ಲಿ ಕಾದು, ಹೊತ್ತಿಕೊಂಡು, ಆಮೇಲೆ ಒಳಕ್ಕೆ ಹೋಗುತ್ತದಂತೆ. "ಬಾಯಲ್ಲಿ ಚೆನ್ನಾಗಿ ಅಗ್ದು ಆಮೇಲೆ ನುಂಗ್ತದೆ ಕಣ್ಲಾ. ಏನ್ ಕೊಟ್ರೂ ಅರಗಿಸ್ಕತದೆ."

ತೆಗೆದುಕೊಂಡೆವು. ದುಡ್ಡು ಅರ್ಧ ಅವನದು, ಅರ್ಧ ನನ್ನದು. ಬರುವಾಗ ಸ್ಟೇರಿಂಗನ್ನು ನನಗೆ ಮುಟ್ಟಗೊಡಲಿಲ್ಲ. ಪಾಂಡವಪುರದ ಹತ್ತಿರ ಸುಮ್ಮನೆ, ಯಾರೂ ಅಡ್ಡ ಇಲ್ಲದೆ, ಒಂದು ಸಲ ಹಾರ್ನ್ ಹೊಡೆದ.

ಜೂನ್ 21, ಸೋಮವಾರ

ರೂಟು ಸಿಕ್ಕಿತು. ಇಂದು ಪ್ರಥಮ ಸಂಚಾರ.

ಕೆಲಸದ ಹಂಚಿಕೆ: ಎಣ್ಣೆ ಸೋಸುವುದು ನಾನು, ಸಂಜೆ ಹೊತ್ತು. ಇಂಜಿನ್ನು ಅವನದು. ಡೈರಿಗಳಲ್ಲಿ ಕ್ಯಾನಿನ ಮುಚ್ಚಳಕ್ಕೆ ರಬ್ಬರ್ ರಿಂಗನ್ನು ಬೆರಳಿನಿಂದ ಒತ್ತಿ ಕೂರಿಸಿ, ಬಿಗಿದು, ಎತ್ತಿ ಇಡುವುದು ಇಬ್ಬರದು.

ನಮ್ಮೂರಿನ ಚಿಕ್ಕಬೋರಮ್ಮ, ನಾನು ಬೋರಕ್ಕ ಅನ್ನುವುದು, ಡೈರಿ ಬಾಗಿಲಲ್ಲಿ ಗಾಡಿಗೆ ಅರಿಶಿನ ಹಚ್ಚಿದಳು. ಕೆರೆ ಏರಿಯ ಹೊಂಗೆ ಬೀಜ ಆಯ್ದು ನಮಗೆ ಕೊಡುವವಳೂ ಅವಳೇ, ಒಂದು ಹಸುವಿನ ಹಾಲು ಹಾಕುವವಳೂ ಅವಳೇ. "ನನ್ ಬೀಜ್ದಲ್ಲೇ ನನ್ ಹಾಲು ಸವಾರಿ ಓಯ್ತದೆ" ಅಂದಳು. ಯಾಸಿನ್ ಅವಳನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಊರಬಾಗಿಲವರೆಗೆ ಕರೆದುಕೊಂಡು ಹೋದ. ಹಗ್ಗದ ಬಾಗಿಲು ಬಿಚ್ಚಲು ಬಾರದೆ ಅವಳು ಡ್ರೈವರ್ ಕಡೆಯಿಂದ ಇಳಿದಳು.

ಜುಲೈ 18, ಭಾನುವಾರ

ಬರೆಯಲು ಪುರುಸೊತ್ತಿಲ್ಲ. ಸುಖವಾಗಿದ್ದೇವೆ ಅಂತ ಅರ್ಥ.

ಸೆಪ್ಟೆಂಬರ್ 2, ಗುರುವಾರ

ಹಾಲು ವಾಪಸ್ಸು.

ಸೆಂಟರಿನಲ್ಲಿ ಒಬ್ಬ ಸಾಹೇಬರಿದ್ದಾರೆ. ಅವರಿಗೆ ಸರ್ಕಾರ ಸಂಬಳ ಕೊಡುವುದು ಮೂಗಿಗೆ. ಮುಚ್ಚಳ ತೆಗೆದು ಮೂಸಿ, ತಲೆಯಾಡಿಸಿದರೆ ಹಾಲು ಒಳಕ್ಕೆ. ಇವತ್ತು ಮೂಸಿದರು, ಆಕಾಶ ನೋಡಿದರು, ಮತ್ತೆ ಮೂಸಿದರು. ನಮ್ಮೂರಿನ ಕ್ಯಾನುಗಳ ಮೇಲೆ ಸೀಮೆಸುಣ್ಣದಲ್ಲಿ 'ವಾಸನೆ' ಅಂತ ಬರೆದರು. ಅಕ್ಷರ ಮುದ್ದಾಗಿದೆ.

ನನಗೆ ಏನೂ ವಾಸನೆ ಬರಲಿಲ್ಲ. ಬೋರಕ್ಕ ತನ್ನ ಪಾಲಿನ ಹಾಲನ್ನು ಕರುವಿಗೆ ಇಟ್ಟಳು. ಕರು ಮುಖ ತಿರುಗಿಸಿತು. ಕರುವಿಗೂ ಆ ಸಾಹೇಬರಿಗೂ ಒಂದೇ ಟ್ರೈನಿಂಗ್ ಇರಬೇಕು.

ಹೊಗೆಯದೇ ಕೆಲಸ ಅಂತ ತೀರ್ಮಾನಿಸಿದೆವು. ಸೈಲೆನ್ಸರ್ ಪೈಪು ಹಲಗೆಯ ಕೆಳಗೇ ಬಾಯಿ ಬಿಟ್ಟಿದೆ. ಯಾಸಿನ್ ಪೈಪನ್ನು ಮೇಲಕ್ಕೆ ಬಗ್ಗಿಸಿದ. ಹಲಗೆಗೆ ತಗಡು ಹೊಡೆದೆವು.

ಸೆಪ್ಟೆಂಬರ್ 9, ಗುರುವಾರ

ಮತ್ತೆ ವಾಪಸ್ಸು. ಹೊಗೆಯಲ್ಲ ಹಾಗಾದರೆ. ಇನ್ನೊಂದು ಸಲ ಹೀಗಾದರೆ ರೂಟು ಬೇರೆಯವರಿಗೆ ಅಂದರು ಸಾಹೇಬರು. ದಾರಿಯಲ್ಲಿ ಯಾಸಿನ್‌ಗೆ ಎರಡು ಜೋಕು ಹೇಳಿದೆ. ಎರಡೂ ಗಾಡಿಯಲ್ಲೇ ಉಳಿದವು.

ಸೆಪ್ಟೆಂಬರ್ 11, ಶನಿವಾರ, ಸಂಜೆ

ಡೈರಿಯಲ್ಲಿ ಮೀಟಿಂಗು. ಅಧ್ಯಕ್ಷ ಸೋಮಯ್ಯ ಮೆತ್ತಗೆ ಮಾತಾಡುವ ಮನುಷ್ಯ. ಇವತ್ತು ಇನ್ನೂ ಮೆತ್ತಗೆ ಮಾತಾಡಿದ.

"ಯಾಸಿನ್ ಒಳ್ಳೇ ಮನ್ಸ. ಇಲ್ಲ ಅನ್ನಕಿಲ್ಲ. ಆದ್ರೆ ಇಂಜಿನ್ ಮುಟ್ಟೋ ಕೈ ನೋಡು. ಕ್ಯಾನು ಮುಚ್ಚಳ ಮುಟ್ಟೋದು ಬ್ಯಾಡ. ಜನ ಏನೇನೋ ಅಂತಾವ್ರೆ."

ಏನೇನೋ ಅಂದರೆ ಏನು ಅಂತ ಯಾರೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು. ಇಂಜಿನ್ ಅನ್ನುವುದು ಎದುರಿಗೆ ಹಿಡಿದ ಪರದೆ. ಹಾಲು ಹಾಕಲು ನಿಂತಿದ್ದವರು ಬಕೀಟು ಕೆಳಗಿಟ್ಟು ಕೇಳಿಸಿಕೊಂಡರು. ಯಾಸಿನ್ ಬಾಗಿಲಲ್ಲೇ ನಿಂತಿದ್ದ. ಸೋಮಯ್ಯನ ಕಡೆ ನೋಡಲಿಲ್ಲ. ನನ್ನ ಕಡೆ ನೋಡಿದ.

ನಾನು ಹಾಲಿನ ಡಿಗ್ರಿಯ ಚಾರ್ಟು ಓದುತ್ತಿದ್ದೆ. ಪೂರ್ತಿ ಓದಿದೆ. ಆಮೇಲೆ ಅಂದೆ: "ಸ್ವಲ್ಪ ದಿನ ಅಷ್ಟೆ."

ರೂಟು ಉಳಿಯಬೇಕಲ್ಲ. ರೂಟು ಉಳಿದರೆ ತಾನೆ ಅವನ ಗಾಡಿಯೂ ಉಳಿಯುವುದು... ಅವನಿಗಾಗಿಯೇ ಅಂದದ್ದು. ಹಾಗಂತ ಬರೆದಿದ್ದೇನೆ. ಓದಿದರೆ ನನಗೇ ನಂಬಿಕೆ ಬರುತ್ತಿಲ್ಲ.

ಸೆಪ್ಟೆಂಬರ್ 14, ಮಂಗಳವಾರ

ನಿನ್ನೆ ಗಣೇಶನ ಹಬ್ಬ. ಹಾಲಿಗೆ ರಜೆ ಇಲ್ಲ. ಪ್ರತಿ ವರ್ಷ ಯಾಸಿನ್ ನಮ್ಮ ಮನೆಯಲ್ಲಿ ಕಡುಬು ತಿನ್ನುತ್ತಿದ್ದ. ಪುಟ್ಟಲಕ್ಷ್ಮಿಯನ್ನು ರೇಗಿಸದೆ ಹೋಗುತ್ತಿರಲಿಲ್ಲ. ಈ ಸಲ ಗಾಡಿಯಿಂದ ಇಳಿಯಲಿಲ್ಲ. ಅವಳು ಡಬ್ಬಿಯಲ್ಲಿ ಹಾಕಿ ಕಳಿಸಿದಳು. ಸಂಜೆ ನೋಡಿದರೆ ಡಬ್ಬಿ ಸೀಟಿನ ಮೇಲೇ ಇತ್ತು.

ಈಗ ಎಲ್ಲ ಮುಚ್ಚಳ ನಾನೊಬ್ಬನೇ. ಅವನು ಸ್ಟೇರಿಂಗ್ ಮೇಲೆ ಎರಡೂ ಕೈ ಇಟ್ಟುಕೊಂಡು ಮುಂದೆ ನೋಡುತ್ತ ಕೂತಿರುತ್ತಾನೆ. ಎಲ್ಲರಿಗೂ ಕಾಣುವ ಹಾಗೆ ಇಟ್ಟುಕೊಳ್ಳುತ್ತಾನೆ.

ಸೆಪ್ಟೆಂಬರ್ 27, ಸೋಮವಾರ

ಪೂರ್ತಿ ಲೋಡು ವಾಪಸ್ಸು. ಒಂದು ಊರಿನದಲ್ಲ, ಎಲ್ಲ ಊರಿನದು. ಹಿಂದಿನ ಎರಡು ಸಲಕ್ಕಿಂತ ಜಾಸ್ತಿ ವಾಸನೆಯಂತೆ. ಸಾಹೇಬರು ಬರೆಯುವ ಶ್ರಮವನ್ನೂ ತೆಗೆದುಕೊಳ್ಳಲಿಲ್ಲ. ರೂಟು ಹೋಯಿತು.

ಯಾಸಿನ್ ಗಾಡಿಯಿಂದ ಇಳಿದ. ಸೆಂಟರಿನ ನಲ್ಲಿಯ ಹತ್ತಿರ ಹೋಗಿ ಸೋಪು ಹಚ್ಚಿ ಕೈ ತೊಳೆದ. ಅಲ್ಲಿದ್ದ ಡ್ರೈವರುಗಳು, ಕೂಲಿಯವರು ಎಲ್ಲ ನೋಡುತ್ತಿದ್ದರು. ಒರೆಸಿಕೊಂಡು, ಎರಡೂ ಅಂಗೈ ಮೂಸಿಕೊಂಡ. ಬಂದು ಕೀ ನನ್ನ ಜೇಬಿಗೆ ಹಾಕಿ ಬಸ್ ಸ್ಟ್ಯಾಂಡಿನ ಕಡೆ ನಡೆದ. ಹಾಲಿನ ಸಮೇತ ಗಾಡಿಯನ್ನು ನಾನೇ ಓಡಿಸಿಕೊಂಡು ಬಂದೆ. ಎಲ್ಲ ಊರಲ್ಲೂ ನಿಲ್ಲಿಸಿ ಅವರವರ ಹಾಲು ಅವರವರಿಗೆ ಇಳಿಸಿದೆ. ಬೋರಕ್ಕ ಬೈಯುತ್ತಾಳೆ ಅಂದುಕೊಂಡಿದ್ದೆ. ಡ್ರೈವರ್ ಸೀಟು ನೋಡಿದಳು, ಒಳಗೆ ಹೋದಳು.

ಅಕ್ಟೋಬರ್ 3, ಭಾನುವಾರ

ಮಧ್ಯಾಹ್ನ ಊಟಕ್ಕೆ ಕೂತಿದ್ದೆ. ಮೊಸರಿನ ಚೊಂಬಿಗೆ ಕೈ ಹಾಕಿದೆ. ಪುಟ್ಟಲಕ್ಷ್ಮಿ ಕಸಿದುಕೊಂಡಳು.

"ಮುಟ್ಬ್ಯಾಡಿ. ನಾನೇ ಬುಡ್ತೀನಿ. ಮೇ ತಿಂಗ್ಳಿಂದ ಯೋಳ್ತಾನೇ ಇವ್ನಿ, ಆ ಕೈಯಾಗೆ ಏನ್ ಮುಟ್ಟುದ್ರೂ ಹೊಂಗೆ ನಾತ."

ಹೌದು, ಹೇಳುತ್ತಿದ್ದಳು. ಮನೆಯ ಹೆಂಗಸಿನ ಗೊಣಗಾಟ ಅಂತ ನಗೆ ಮಾಡುತ್ತಿದ್ದೆ. ಎಣ್ಣೆ ಸೋಸುವವನು ನಾನು. ದಿನಾ ಸಂಜೆ ಮೊಣಕೈವರೆಗೆ ಅದ್ದಿ ಪಂಚೆ ಹಿಂಡುವವನು ನಾನು. ಸೋಪು ಹಾಕಿದರೂ ಹೋಗುವ ಎಣ್ಣೆಯಲ್ಲ ಅದು. ಸದಾ ಅದರಲ್ಲೇ ಇರುವ ಮೂಗಿಗೆ ಮಾತ್ರ ಗೊತ್ತಾಗುವುದಿಲ್ಲ. ಯಾಸಿನ್ ಎಣ್ಣೆಯನ್ನು ಮುಟ್ಟುತ್ತಲೇ ಇರಲಿಲ್ಲ; ನಾನು ಟ್ಯಾಂಕಿಗೆ ತುಂಬಿಸಿಟ್ಟದ್ದನ್ನು ಓಡಿಸುತ್ತಿದ್ದ.

ಎದ್ದು ಹೋಗಿ, ಗಾಡಿಯಲ್ಲೇ ಉಳಿದಿದ್ದ ಒಂದು ಮುಚ್ಚಳದ ರಬ್ಬರ್ ರಿಂಗು ಬಿಚ್ಚಿ ತಂದೆ. ನನಗೆ ಏನೂ ಬರಲಿಲ್ಲ. ಅವಳ ಮೂಗಿಗೆ ಹಿಡಿದೆ. ಸೆರಗು ಮುಚ್ಚಿಕೊಂಡಳು. ಜೂನ್‌ನಿಂದ ರಬ್ಬರು ದಿನಾ ಅಷ್ಟಿಷ್ಟು ಎಣ್ಣೆ ಕುಡಿದಿದೆ, ಮೊದಲು ನಮ್ಮೂರಿನದು, ಅಲ್ಲಿ ಮುಚ್ಚಳ ಹಾಕುತ್ತಿದ್ದದ್ದು ಹೆಚ್ಚಾಗಿ ನಾನೇ.

ಅವನನ್ನು ಕೆಳಗಿಳಿಯಗೊಡದ ಮೇಲೆ ಆ ರಿಂಗುಗಳನ್ನೆಲ್ಲ ಒತ್ತಿದ್ದು ನನ್ನ ಬೆರಳು. ಅದಕ್ಕೇ ವಾಸನೆ ಜಾಸ್ತಿಯಾದದ್ದು. ಊಟ ಅಲ್ಲಿಗೇ ಬಿಟ್ಟೆ.

ಅಕ್ಟೋಬರ್ 7, ಗುರುವಾರ

ಡೀಸೆಲ್ ರೇಟು ಒಂದೇ ಏಟಿಗೆ ಏರಿಸಿದ್ದಾರೆ. ರೂಟು ತೆಗೆದುಕೊಂಡಿದ್ದ ಹೊಸಬ ವಾರದೊಳಗೆ ಕೈಚೆಲ್ಲಿದ. ಸೋಮಯ್ಯ ತಾನೇ ಮನೆಗೆ ಬಂದ, ನೀನೇ ಮತ್ತೆ ಓಡಿಸು ಅಂತ. ಸೆಂಟರಿನಲ್ಲಿ ಮಾತಾಡಿದ್ದಾನಂತೆ.

ನಾನು ರಿಂಗಿನ ವಿಷಯ ಹೇಳಿದೆ. ಎರಡೂ ಕೈ ಚಾಚಿ ಮೂಸಿ ನೋಡಿ ಅಂದೆ. ಮೂಸಿದ. ಒಪ್ಪಿದ. ಇನ್ನು ಸೋಸುವ ಕೆಲಸಕ್ಕೆ ಬೇರೆ ಆಳು, ಮುಚ್ಚಳಕ್ಕೆ ಯಾಸಿನ್ ಅಂದೆ. ಆಗ ಎಲೆ ಅಡಿಕೆ ಬಿಚ್ಚಿಕೊಂಡು, ಅದೇ ಮೆತ್ತಗಿನ ದನಿಯಲ್ಲಿ:

"ಕೈ ಯಾರ್ದೋ ಆಗ್ಲಿ ಬುಡು ಮರಿಸ್ವಾಮಿ. ಒಂದ್ ಸಲ ಜನದ ಬಾಯಿಗೆ ಬಿದ್ಮೇಲೆ ಆಗೋಯ್ತು. ಬ್ಯಾರೆ ಡ್ರೈವರ್ ಮಡೀಕೊ. ರೂಟು ನಿಂದೇ."

ಯೋಚಿಸಿ ಹೇಳ್ತೀನಿ ಅಂದೆ. ಇದನ್ನೂ ಯೋಚಿಸಬೇಕಾಯಿತು ನನಗೆ.

ಅಕ್ಟೋಬರ್ 10, ಭಾನುವಾರ

ಗಂಜಾಂಗೆ ಹೋಗಿದ್ದೆ. ಯಾಸಿನ್ ಈಗ ಯಾರದೋ ಕೋಳಿ ಟೆಂಪೋ ಓಡಿಸುತ್ತಿದ್ದಾನೆ. ಬಾಗಿಲಲ್ಲಿ ನಿಂತು "ಬನ್ನಿ, ಕೂತ್ಕಳಿ" ಅಂದ. ಹೈಸ್ಕೂಲಿನಿಂದ ಲಾ, ಲೇ ಬಿಟ್ಟು ಬೇರೆ ಮಾತಿಲ್ಲದವನು. ಅವನ ಹೆಂಡತಿ ಕಮರುನ್ನೀಸಾ ಟೀ ತಂದಿಟ್ಟು, ಪುಟ್ಟಲಕ್ಷ್ಮಿ ಹೇಗಿದ್ದಾಳೆ ಅಂತ ಕೇಳಿ ಒಳಗೆ ಹೋದಳು. ಒಳಗಿನಿಂದ ಪಾತ್ರೆಯ ಸದ್ದು ಬರಲಿಲ್ಲ, ಕೇಳಿಸಿಕೊಳ್ಳುತ್ತಿದ್ದಳು.

ಕೈಯದು ಹೇಳಿದೆ. ರಿಂಗಿನದು ಹೇಳಿದೆ. ಸೋಮಯ್ಯನ ಷರತ್ತು ಹೇಳಿದೆ. ನಾನು ಒಪ್ಪುವುದಿಲ್ಲ, ನಾವಿಬ್ಬರೂ ನಾಗಮಂಗಲದ ಕಡೆ ಬೇರೆ ರೂಟು ಹಿಡಿಯೋಣ ಅಂದೆ. ಎಲ್ಲ ಮುಗಿಯುವವರೆಗೆ ಕೇಳಿದ.

"ಆ ನಾತ ನಿಮ್ದೇ ಅಂತ ನಂಗೊತ್ತಿತ್ತು."

ಯಾಕೆ ಹೇಳಲಿಲ್ಲ ಅಂದೆ.

"ನಾನ್ ಅಂಗೆ ಯೋಳಿದ್ರೆ, ತನ್ ತಪ್ಪು ಮರಿ ಮ್ಯಾಲಾಕ್ತಾವ್ನೆ ಸಾಬಿ ಅನ್ನೋರು. ನೀವೇ ಯೋಳ್ಬೇಕಿತ್ತು. ಕೈ ಮೂಸ್ನೋಡ್ಬೇಕೂ ಇರ್ನಿಲ್ಲ. ಅವ್ನು ನನ್ ಜೊತೆಗಾರ ಅಂದಿದ್ರೆ ಸಾಕಿತ್ತು."

ಟೀ ಆರಿತ್ತು. ಕುಡಿದೆ. ಗಾಡಿ ಏನು ಮಾಡೋಣ ಅಂದರೆ, ಮಾರಿಬಿಡಿ, ನನಗೆ ಅದನ್ನು ನೋಡುವುದಕ್ಕೆ ಆಗುವುದಿಲ್ಲ ಅಂದ. ಬೀದಿಯ ತಿರುವಿನವರೆಗೆ ಬಂದು ಬಿಟ್ಟು ಹೋದ. ನೆಂಟರನ್ನು ಬಿಡುವ ಹಾಗೆ.

ಅಕ್ಟೋಬರ್ 11

ಸೋಮಯ್ಯನಿಗೆ ಆಗುವುದಿಲ್ಲ ಅಂದೆ. "ಯಾಕ್ಲಾ" ಅಂದ. ಉತ್ತರ ಇತ್ತು. ಒಂದು ತಿಂಗಳು ತಡವಾಗಿ ಇತ್ತು.

ಡಿಸೆಂಬರ್ 12, ಭಾನುವಾರ, ಸಂಜೆ

ಗಾಡಿ ಮಾರಾಟವಾಯಿತು. ನಾಗಮಂಗಲದ ಹಳೇ ಇಟ್ಟಿಗೆಯವನೇ ಮತ್ತೆ ತೆಗೆದುಕೊಳ್ಳುತ್ತಾನೆ. ಡೀಸೆಲ್ಲಿನಲ್ಲೇ ಓಡಿಸುತ್ತಾನಂತೆ. ನಾಳೆ ಬೆಳಿಗ್ಗೆ ಎಂಟಕ್ಕೆ ಅಲ್ಲಿರಬೇಕು, ಇಲ್ಲದಿದ್ದರೆ ಬೇರೆ ಗಾಡಿ ನೋಡಿದ್ದಾನೆ. ಯಾಸಿನ್‌ನ ಅರ್ಧ ದುಡ್ಡು ಕಮರುನ್ನೀಸಾ ಕೈಗೆ ಕೊಟ್ಟು ಬರಬೇಕು. ಅದೊಂದು ಆದರೆ ಸಾಕು.

ತೊಂದರೆ ಒಂದೇ. ಗಾಡಿ ಸ್ಟಾರ್ಟ್ ಆಗುತ್ತಿಲ್ಲ. ಕಳೆದ ಸಲ ನಿಲ್ಲಿಸುವ ಮುಂಚೆ ಸ್ವಲ್ಪ ಹೊತ್ತು ಡೀಸೆಲ್ಲಿನಲ್ಲಿ ಓಡಿಸಿ ಪೈಪು ತೊಳೆಯಬೇಕಿತ್ತು. ಆ ಕೆಲಸ ಯಾವಾಗಲೂ ಯಾಸಿನ್ ಮಾಡುತ್ತಿದ್ದ, ನನಗೆ ನೆನಪೇ ಬರಲಿಲ್ಲ. ಈ ಚಳಿಗೆ ಹೊಂಗೆ ಒಳಗೇ ಗಟ್ಟಿಯಾಗಿ ಕೂತಿದೆ. ಬ್ಯಾಟರಿಯೂ ಸತ್ತಿತು. ತಳ್ಳಿದರೆ ಹಿಡಿದುಕೊಳ್ಳಬಹುದು. ಆದರೆ ತಳ್ಳುವವನೂ ಸ್ಟೇರಿಂಗ್ ಹಿಡಿಯುವವನೂ ಒಬ್ಬನೇ ಆಗಲು ಬರುವುದಿಲ್ಲ. ಮಧ್ಯಾಹ್ನ ಪ್ರಯತ್ನಿಸಿ ನೋಡಿದೆ, ಬೇಲಿಗೆ ಹೋಯಿತು. ಪುಟ್ಟಲಕ್ಷ್ಮಿ ತವರಿಗೆ ಹೋಗಿದ್ದಾಳೆ. ಊರಲ್ಲಿ ಕೂಗಿದರೆ ಹತ್ತು ಜನ ಬರುತ್ತಾರೆ. ಸೋಮಯ್ಯನೂ ಪಂಚೆ ಎತ್ತಿ ಕಟ್ಟಿಕೊಂಡು ಬರುತ್ತಾನೆ. ಅದಕ್ಕೇ ಕೂಗುತ್ತಿಲ್ಲ.

ಆದ್ದರಿಂದ, ಪರರ ದಿನಚರಿಯನ್ನು ಕದ್ದು ಓದುವ ಮಹಾಶಯರೇ, ತಾವು ಯಾರಾದರೂ ಇದ್ದರೆ, ಒಂದು ಸಣ್ಣ ಉಪಕಾರ. ನಾಳೆ ಬೆಳಿಗ್ಗೆ ಆರಕ್ಕೆ ಬಂದು ಹಿಂದಿನಿಂದ ಒಂದಿಷ್ಟು ತಳ್ಳಿಕೊಡಿ. ನಾಲೆ ಏರಿಯ ಇಳಿಜಾರಿನವರೆಗೆ ಸಾಕು. ತಗಡಿಗೆ ಕೈ ಕೊಡಬೇಡಿ, ಕುಯ್ಯುತ್ತದೆ. ಬಲಗಡೆ ಹಲಗೆ ಹಿಡಿಯಿರಿ. ಇಂಜಿನ್ ಹಿಡಿದುಕೊಂಡ ಮೇಲೆ ನಾನು ನಿಲ್ಲಿಸಿ ನಿಮಗೆ ಒಂದು ಮಾತು ಹೇಳುವುದಿಲ್ಲ, ತಪ್ಪು ತಿಳಿಯಬೇಡಿ. ನಿಲ್ಲಿಸಿದರೆ ಮತ್ತೆ ಹೊರಡುವುದಿಲ್ಲ.