ಹುಟ್ಟದವರನ್ನು ಕೇಳುವುದು

ಜುಲೈ ೧೯, ೨೦೧೯. ಡೊಂಬಿವಲಿ
ಇವತ್ತೂ ಹಾಲು ಉಕ್ಕಿತು. ಕನಸಿನ ಗುಂಗು. ಸಮಿತ್ ಬಂದಿದ್ದ... ಥಲಸ್ಸೀಮಿಯಾ ಅನ್ನುವ ರಕ್ತದ ಕಾಯಿಲೆಯಿಂದ ಆರು ವರ್ಷಕ್ಕೇ ಹೋದ ಮಗ, ಕನಸಿನಲ್ಲಿ ಮೀಸೆ ಬಿಟ್ಟಿದ್ದ! ಬಿಳಿಚಿದ್ದ ಕೆನ್ನೆ ಈಗ ಕೆಂಪು ಕೆಂಪು.
ಇವರು ಊರಿನ ಫೋನಿನಲ್ಲಿದ್ದರು. ಅವನಿಗೆ ಸಂಬಂಧ ಬಂದಿದೆ. ಹುಡುಗಿಯೂ ತೀರಿಕೊಂಡವಳೇ. ಆಟಿ ತಿಂಗಳಲ್ಲೇ ಕುಲೆ ಮದುವೆ, ಸತ್ತವರಿಬ್ಬರಿಗೆ ಮಾಡಿಸುವ ಮದುವೆ.
"ಬದುಕಿದ್ರೆ ಮದುವೆ ಪ್ರಾಯ ಅಲ್ವಾ ಜಯಲತಾ," ಅಂದರು. ಅಳು ಬಂತು. ನಗುವೂ.

ಜುಲೈ ೨೨
ಥಾಣೆ–ವಾಶಿ ಲೋಕಲ್. ಕಿಟಕಿ ಸೀಟು, ತೂಕಡಿಕೆ. ಆಸ್ಪತ್ರೆಯ ಎಥಿಕ್ಸ್ ಕಮಿಟಿ. ಡಾಕ್ಟರಲ್ಲದವರೂ ಒಬ್ಬರು ಬೇಕಂತೆ, ಅದಕ್ಕೆ ನಾನು.
ಹೊಸ ಪ್ರಸ್ತಾಪ. ಭ್ರೂಣದ ಜೀನ್ ತಿದ್ದಿ, ಥಲಸ್ಸೀಮಿಯಾ ಅಳಿಸಿ, ಗರ್ಭದಲ್ಲಿ ಇಡುವುದು. ತಿದ್ದಿದ್ದು ಮಕ್ಕಳ ಮಕ್ಕಳಿಗೂ ಇಳಿಯುತ್ತದೆ.
"ಗೈಡ್‌ಲೈನ್‌ನಲ್ಲಿ ಇದು ಕೂಡದು ಅಂತಿದೆ," ಎಂದರು ವಕೀಲರು.
"ಗೈಡ್‌ಲೈನ್ ತಾನೇ? ಕಾನೂನು ಎಲ್ಲಿದೆ?" — ಪ್ರಸ್ತಾಪ ತಂದ ಡಾಕ್ಟರ್.
ಮುಂದಿನ ಸಭೆಯಲ್ಲಿ ಮತ.

ಜುಲೈ ೨೮
ಮಗಳು ನಿಕಿತಾ, ಅಳಿಯ ಹಿತೇಶ್ ಬಂದಿದ್ದರು. ಇಬ್ಬರ ರಕ್ತದಲ್ಲೂ ಆ ದೋಷ. ಹೋದ ವರ್ಷ ಗರ್ಭದಲ್ಲೇ ಟೆಸ್ಟ್ ಮಾಡಿಸಿ, ತೆಗೆಸಬೇಕಾಯಿತು.
"ಅಮ್ಮಾ, ತೂ ಬಸ್ ಹಾಂ ಬೋಲ್. ಪಾಸ್ ಆದ್ರೆ ನಾವೇ ಮೊದಲು."
ಕಮಿಟಿಯಲ್ಲಿ ನಾನು ಹೌದು ಅಂದರೆ ಸಾಕಂತೆ. ಹೂಂ ಅಂದೆ.

ಆಗಸ್ಟ್ ೪
ಒಳಕೋಣೆಯಲ್ಲಿ ಸಮಿತ್‌ಗೆ ಎಲೆ ಬಡಿಸಿದೆವು. ನಮ್ಮ ಮನೆಯಲ್ಲಿ ಸತ್ತವರನ್ನು ಕೇಳದೆ ಮದುವೆ ನಿಶ್ಚಯಿಸುವುದಿಲ್ಲ.
ಇವರು ಎಲೆಯ ಮುಂದೆ ಬಗ್ಗಿ, "ಹುಡುಗಿ ಆಗ್ಬಹುದಾ ಮಗಾ?" ಎಂದರು. ಬಾಗಿಲೆಳೆದು ಹೊರಗೆ ಕೂತೆವು. ಪಕ್ಕದ ಫ್ಲ್ಯಾಟಿನ ಮಿಕ್ಸರ್ ಕೂಡ ದೂರದಲ್ಲೆಲ್ಲೋ ಇದ್ದಂತೆ ಕೇಳಿಸುತ್ತಿತ್ತು. ತೆರೆದಾಗ ಎಲೆಯ ತುದಿ ಮಡಚಿಕೊಂಡಿತ್ತು. ಒಪ್ಪಿದ, ಎಂದರು ಇವರು. ಫ್ಯಾನಿನ ಗಾಳಿ ಇರಬಹುದು. ಇರಲಿ, ಕೇಳಿದೆವಲ್ಲ.

ಆಗಸ್ಟ್ ೯, ಸಂಜೆ
ಸಭೆಯಲ್ಲಿ ಮಗಳ ವಿಷಯ ಹೇಳಿಬಿಟ್ಟೆ. ಹಾಗಾದರೆ ನಿಮಗೆ ಮತವಿಲ್ಲ, ಅಭಿಪ್ರಾಯ ಹೇಳಿ ಹೊರಗಿರಿ ಎಂದರು. ಹೌದು ಅನ್ನಲೆಂದೇ ಎದ್ದದ್ದು... ಬಾಯಿಗೆ ಬಂದದ್ದು ಬೇರೆ.
"ನಾವು ಸತ್ತವರನ್ನೂ ಕೇಳಿಯೇ ಮದುವೆ ಮಾಡ್ತೇವೆ. ಈ ಮಕ್ಕಳನ್ನ ಯಾರು ಕೇಳಿದ್ದು?"
ಯಾರೂ ನಗಲಿಲ್ಲ. ಹೊರಗೆ ಬೆಂಚಿನಲ್ಲಿ ಕೂತಿದ್ದೆ. ಪ್ರಸ್ತಾಪ ಬಿದ್ದುಹೋಯಿತು.

ಆಗಸ್ಟ್ ೧೧
ನಿಕಿತಾ ಫೋನ್. ಎಲ್ಲ ಹೇಳಿದೆ. ಬೈದಿದ್ದರೆ ಚೆನ್ನಾಗಿತ್ತು.
"ದಾದಾ ಕೋ ಪೂಛ್ ಕೇ ಪೈದಾ ಕಿಯಾ ಥಾ ಕ್ಯಾ, ಅಮ್ಮಾ?"
ಅವಳ ಅಣ್ಣ ಸಮಿತ್‌ನನ್ನು ಕೇಳಿ ಹೆತ್ತೆನೇ? ಇಲ್ಲ. ರಕ್ತ ಏರಿಸುವ ಸೂಜಿಗಳನ್ನೂ ಅವನನ್ನು ಕೇಳಿ ಚುಚ್ಚಿಸಲಿಲ್ಲ. ಬೇಡ ಬೇಡ ಎಂದು ಅಳುತ್ತಿದ್ದ, ನಾನೇ ಕೈ ಹಿಡಿದುಕೊಂಡು—