ಸೊಸೆಯ ಗಂಟೆಗೆ ಎತ್ತಿದ ಫೋನ್

೧೯೫೧ ಮಾರ್ಚ್ ೧೦, ಶನಿವಾರ. ನೆಬ್ರಾಸ್ಕ, ಅಮೆರಿಕ.

ಈ ಜಮೀನಿನ ಯಜಮಾನಿ ನಾನು, ಆಗಸ್ಟಾ ಥಾರ್ಸನ್. ಗಂಡ ತೀರಿಕೊಂಡ ಮೇಲೂ ಇಲ್ಲಿ ನನ್ನ ಮಾತು ಮೀರುವವರಿಲ್ಲ. ಅಂಥವಳು ಇವತ್ತು ಕದ್ದು ಕೇಳಿದೆ.

ನಮ್ಮ ರಸ್ತೆಯ ಮನೆಗಳಿಗೆಲ್ಲ ಫೋನಿನ ತಂತಿ ಒಂದೇ; ಯಾರು ಎತ್ತಿದರೂ ಉಳಿದವರ ಮಾತು ಕೇಳುತ್ತದೆ, ಗಂಟೆ ಮಾತ್ರ ಮನೆಗೊಂದು ಬಗೆ. ಎರಡು ಉದ್ದ, ಒಂದು ಗಿಡ್ಡ ಗಂಟೆ ಬಾರಿಸಿದರೆ ಅದು ಹೊಲದಾಚೆ ಇರುವ ಸೊಸೆ ವರ್ನಾಳ ಮನೆಗೆ. ಬೇರೆಯವರ ಗಂಟೆಗೆ ಫೋನ್ ಎತ್ತುವವರನ್ನು ಕಂಡರೆ ನನಗಾಗದು. ಆದರೆ ವಾರದಿಂದ ನನ್ನನ್ನು ಕಂಡೊಡನೆ ಅವಳ ಮಾತು ನಿಲ್ಲುತ್ತಿತ್ತು. ಏಕೆಂದು ತಿಳಿಯದೆ ಇರಲಾಗಲಿಲ್ಲ. ಎತ್ತಿದೆ.

“ಅತ್ತೆಗೆ ಅಂತ ನಿನ್ನ ಭಾವ ಪೇಟೇಲಿ ಮನೆ ನೋಡಿದಾರೆ ಕಣೇ,” ಎನ್ನುತ್ತಿದ್ದಳು ತಂಗಿಗೆ. “ಈಗ ಅಷ್ಟು ದೊಡ್ಡ ಮನೇಲಿ ಇರೋದು ಅವರೊಬ್ಬರೇ. ಇಲ್ಲಿ ಎರಡು ಕೋಣೇಲಿ ನಾವು ಆರು ಜನ. ಆದ್ರೆ ಅವರಮ್ಮಂಗೆ ಹೇಳೋಕೆ ಇವರಿಗೆ ಧೈರ್ಯ ಬೇಕಲ್ಲ!”

“ಶ್! ಲೈನಲ್ಲಿ ಗಡಿಯಾರ ಟಿಕ್ ಟಿಕ್ ಅಂತಿದೆ.”

“ಅಯ್ಯೋ, ಅದು ನಮ್ಮತ್ತೆ ಗಡಿಯಾರ!”

ಫೋನಿನ ಪಕ್ಕದಲ್ಲೇ ಗಡಿಯಾರ ತೂಗುಹಾಕಿದ್ದು ನನ್ನದೇ ತಪ್ಪು. “ನಾನೇ ಕಣೆ,” ಎಂದೆ. “ಆ ಮನೆ ಅಡುಗೆಕೋಣೆಗೆ ಬಿಸಿಲು ಬರುತ್ತೇನು?”

ಉತ್ತರ ಕೊಟ್ಟವಳು ವರ್ನಾ ಅಲ್ಲ, ಪಕ್ಕದ ಹೊಲದ ಮರ್ಟಲ್: “ಇಲ್ಲ ಆಗಸ್ಟಾ, ಒಂದು ಚೂರೂ ಬರಲ್ಲ.”

“ನೀನೂ ಇದೀಯೇನೇ ಮುದುಕಿ?”

ಜಮೀನು ಬಿಟ್ಟು ಪೇಟೆಗೆ ನಾನು ಹೋಗುವವಳಲ್ಲ. ಆದರೆ ಆ ಆರು ಜನ ಮನಸ್ಸಿನಿಂದ ಹೋಗಲಿಲ್ಲ. ಮಗನಿಂದ ಟ್ರಕ್ ತರಿಸಿ, ಸಂಜೆಯೊಳಗೆ ಎರಡು ಮನೆಗಳನ್ನೂ ಅದಲುಬದಲು ಮಾಡಿಸಿದೆ. ಈಗ ಅವರ ಸಣ್ಣ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ನನ್ನ ಮನೆ ದೂರದಿಂದ ಹೀಗೆ ಕಾಣುತ್ತದೆಂದು ಗೊತ್ತೇ ಇರಲಿಲ್ಲ. ಕಿಟಕಿಗಳೆಲ್ಲ ಬೆಳಗುತ್ತಿವೆ. ಮೇಲಿನ ಕೋಣೆಯಲ್ಲಿ ವರ್ನಾ ಯಾವ ಮೊಮ್ಮಗುವನ್ನು ಮಲಗಿಸಿದ್ದಾಳೋ! ಕದ್ದು ಕೇಳುವುದು ಬೇಡ, ನಾಳೆ ಅವಳನ್ನೇ ಕೇಳುತ್ತೇನೆ.